ಮೊದಲ ಪುಶ್‌ಗೆ ಮುನ್ನ: ರಿಮೋಟ್ ರೆಪೊ ಜೋಡಿಸಿಕೊಳ್ಳುವ ಬಗೆ

ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಈ ಭಾಗವೆಲ್ಲ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ರಾಜ್ಯ ಬೇರೆಯಾದರೂ ಓಡಾಟ ನಿಂತಿಲ್ಲ. ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಇವತ್ತಿಗೂ ಅಮೀರ್‌ಪೇಟೆಯ ಹಾಸ್ಟೆಲ್ ಹಿಡಿದು, ಮೈತ್ರಿವನಂ ಸುತ್ತಮುತ್ತಲಿನ ಕೋಚಿಂಗ್ ಸೆಂಟರುಗಳಲ್ಲಿ ಜಾವಾ, ಪೈಥಾನ್, ಡೆವ್‌ಆಪ್ಸ್ ಕಲಿತು, ಮಾದಾಪುರ ಇಲ್ಲವೇ ಗಚ್ಚಿಬೌಲಿಯ ಕಂಪನಿಯೊಂದಕ್ಕೆ ಸೇರುತ್ತಾರೆ. ಲ್ಯಾಪ್‌ಟಾಪ್ ಕೈಗೆ ಬಂದ ಮೇಲೆ ಟೀಮ್ ಲೀಡ್ ಹೇಳುವ ಮೊದಲ ಕೆಲಸ ಬಹುತೇಕ ಎಲ್ಲ ಕಡೆಯೂ ಒಂದೇ: ರೆಪೊ ಕ್ಲೋನ್ ಮಾಡಿಕೊಂಡು ಲೋಕಲ್‌ನಲ್ಲಿ ಸೆಟಪ್ ಮಾಡಿ.

ಕೋಚಿಂಗ್‌ನ ನೋಟ್ಸಿನಲ್ಲಿ ಇದಕ್ಕೆ ಬೇಕಾದ ಆಜ್ಞೆಗಳೆಲ್ಲ ಇರುತ್ತವೆ. ಅವು ಬಾಯಿಪಾಠವೂ ಆಗಿರುತ್ತವೆ. ಆದರೂ ಮೊದಲ ಎರರ್ ಬಂದ ಕೂಡಲೇ ಕೈ ನಿಂತುಬಿಡುತ್ತದೆ, ಏಕೆಂದರೆ ಮೂರು ಸಂಗತಿ ಯಾರೂ ಬಿಡಿಸಿ ಹೇಳಿರುವುದಿಲ್ಲ. ನನ್ನ ಕೋಡ್ ಯಾವ ವಿಳಾಸಕ್ಕೆ ಹೋಗುತ್ತಿದೆ? ಯಾರ ಹೆಸರಿನಲ್ಲಿ ದಾಖಲಾಗುತ್ತಿದೆ? ಯಾವ ಕೀಲಿಯಿಂದ ಬಾಗಿಲು ತೆರೆಯುತ್ತಿದೆ? ಗಿಟ್‌ನಲ್ಲಿ ಈ ಮೂರೂ ಬೇರೆ ಬೇರೆ ಕಡೆ ಇರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಬೇಕೆಂದಿಲ್ಲ. ಹೊಸಬರ ಮುಕ್ಕಾಲು ಪಾಲು ತೊಡಕು ಈ ಮೂರನ್ನು ಒಂದೇ ಎಂದುಕೊಳ್ಳುವುದರಿಂದ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲಿ ಒತ್ತಬೇಕು.

ರಿಮೋಟ್ ಅಂದರೆ ಇಷ್ಟೇ

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ಬರೆಯುವವರು ಅಲ್ಲಿಯವರೆಗೆ ಬಿಟ್‌ಕೀಪರ್ ಎಂಬ ಖಾಸಗಿ ಸಾಫ್ಟ್‌ವೇರನ್ನು ಉಚಿತ ಪರವಾನಗಿಯ ಮೇಲೆ ಬಳಸುತ್ತಿದ್ದರು. ಆ ಪರವಾನಗಿ ರದ್ದಾದಾಗ ಲಿನಸ್ ಟೊರ್ವಾಲ್ಡ್ಸ್ ತಾವೇ ಕೂತು ಹೊಸದೊಂದನ್ನು ಬರೆದರು. ಅದೇ ವರ್ಷ ಜುಲೈನಿಂದ ಅದರ ಉಸ್ತುವಾರಿ ಜೂನಿಯೊ ಹಮಾನೊ ಅವರದು. ಗಿಟ್‌ಗೆ ಮುಂಚೆ ಹೆಚ್ಚು ಬಳಕೆಯಲ್ಲಿದ್ದ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಪೂರ್ತಿ ಚರಿತ್ರೆ ನಡುವಿನ ಒಂದು ಸರ್ವರ್‌ನಲ್ಲಿ ಇರುತ್ತಿತ್ತು. ನಿಮ್ಮ ಬಳಿ ಇದ್ದದ್ದು ಸದ್ಯದ ಪ್ರತಿ ಮಾತ್ರ. ಗಿಟ್ ಇದನ್ನು ತಲೆಕೆಳಗು ಮಾಡಿತು. ನೀವು ಕೆಲಸ ಮಾಡುವ ಪ್ರತಿ ರೆಪೊ ಒಳಗೆ .ಗಿಟ್ ಎಂಬ ಮರೆಯಾದ ಫೋಲ್ಡರ್ ಇರುತ್ತದೆ. ಮೊದಲ ಕಮಿಟ್‌ನಿಂದ ಇವತ್ತಿನವರೆಗಿನ ಚರಿತ್ರೆ ಅದರಲ್ಲೇ ಇರುತ್ತದೆ. ನೀವು ಕ್ಲೋನ್ ಮಾಡಿದಿರಿ ಎಂದರೆ ಆ ಚರಿತ್ರೆ ನಿಮ್ಮ ಲ್ಯಾಪ್‌ಟಾಪಿಗೂ ಬಂತು. ಸರ್ವರ್ ಕೆಟ್ಟು ನಿಂತರೂ, ಹಾಸ್ಟೆಲ್‌ನ ವೈಫೈ ಹೋದರೂ, ನೀವು ಕಮಿಟ್ ಮಾಡಬಹುದು, ಬ್ರಾಂಚ್ ತೆಗೆಯಬಹುದು, ಹಿಂದಿನದನ್ನು ತೆರೆದು ನೋಡಬಹುದು.

ಹಾಗಾದರೆ ರಿಮೋಟ್ ಎಂದರೇನು? ಇದೇ ರೆಪೊದ ಇನ್ನೊಂದು ಪ್ರತಿ ಎಲ್ಲಿದೆ ಎಂದು ನಿಮ್ಮ ರೆಪೊ ಬರೆದಿಟ್ಟುಕೊಂಡ ವಿಳಾಸ, ಅದಕ್ಕೊಂದು ಅಡ್ಡಹೆಸರು. ಮೊಬೈಲಿನಲ್ಲಿ ಹತ್ತಂಕಿಯ ನಂಬರನ್ನು 'ಅಪ್ಪ' ಎಂದು ಸೇವ್ ಮಾಡಿಕೊಂಡ ಹಾಗೆ. ಒರಿಜಿನ್ ಎಂಬುದು ಅಂಥ ಒಂದು ಅಡ್ಡಹೆಸರು, ಅಷ್ಟೇ. ಕ್ಲೋನ್ ಮಾಡಿದಾಗ ಗಿಟ್ ತಾನಾಗಿ ಆ ಹೆಸರು ಇಡುತ್ತದೆ. ಬೇಡವೆನಿಸಿದರೆ 'ಗಿಟ್ ರಿಮೋಟ್ ರಿನೇಮ್' ಎಂದು ಬದಲಿಸಬಹುದು.

ಇದು ಎಲ್ಲಿದೆ ಎಂದು ಕಣ್ಣಾರೆ ನೋಡಿ. .ಗಿಟ್ ಫೋಲ್ಡರ್ ಒಳಗೆ ಕಾನ್ಫಿಗ್ ಎಂಬ ಫೈಲ್ ಇದೆ. ಸಾದಾ ಪಠ್ಯದ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಅದರಲ್ಲಿ 'ರಿಮೋಟ್ ಒರಿಜಿನ್' ಎಂಬ ತಲೆಬರಹದ ಕೆಳಗೆ ಎರಡು ಸಾಲು ಕಾಣುತ್ತವೆ. ಯುಆರ್‌ಎಲ್ ಎಂಬ ಸಾಲಿನಲ್ಲಿ ವಿಳಾಸ. ಫೆಚ್ ಎಂಬ ಸಾಲಿನಲ್ಲಿ, ಅಲ್ಲಿಯ ಬ್ರಾಂಚ್‌ಗಳನ್ನು ಇಲ್ಲಿಗೆ ತಂದಾಗ ಯಾವ ಹೆಸರಿನಲ್ಲಿ ಇಡಬೇಕು ಎಂಬ ನಿಯಮ. ಅಲ್ಲಿಯ 'ಮೇನ್' ಬ್ರಾಂಚ್ ಇಲ್ಲಿ 'ಒರಿಜಿನ್/ಮೇನ್' ಆಗುವುದು ಈ ನಿಯಮದಿಂದಲೇ.

ಈ ಒರಿಜಿನ್/ಮೇನ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸ್ಲ್ಯಾಶ್ ಇರುವ ಈ ಹೆಸರನ್ನು ನೋಡಿ ಅನೇಕರು ಸರ್ವರ್‌ನ ಈ ಕ್ಷಣದ ಸ್ಥಿತಿಯೇ ಕಾಣುತ್ತಿದೆ ಎಂದುಕೊಳ್ಳುತ್ತಾರೆ. ಅದು ಇರುವುದು ನಿಮ್ಮ ಲ್ಯಾಪ್‌ಟಾಪಿನಲ್ಲೇ. ಕೊನೆಯ ಸಲ ಸರ್ವರನ್ನು ಸಂಪರ್ಕಿಸಿದಾಗ ಅಲ್ಲಿ ಏನಿತ್ತೋ ಅದರ ಗುರುತು ಅದು. ಸೋಮವಾರ ಫೆಚ್ ಮಾಡಿ ಗುರುವಾರ 'ಗಿಟ್ ಸ್ಟೇಟಸ್' ಕೇಳಿದರೆ, 'ಒರಿಜಿನ್/ಮೇನ್ ಜೊತೆ ಸಮವಾಗಿದ್ದೀರಿ' ಎಂಬ ಉತ್ತರ ಬರಬಹುದು. ಅದು ಸೋಮವಾರದ ಮಾತು. ನಡುವೆ ಸಹೋದ್ಯೋಗಿಗಳು ಎಷ್ಟೇ ಕಮಿಟ್ ಸೇರಿಸಿದ್ದರೂ ನಿಮ್ಮ ಗಿಟ್‌ಗೆ ಗೊತ್ತಿರುವುದಿಲ್ಲ. 'ಗಿಟ್ ಫೆಚ್' ಒತ್ತಿದ ಮೇಲೆ ಆ ಗುರುತು ಮುಂದಕ್ಕೆ ಸರಿಯುತ್ತದೆ. ಫೆಚ್ ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ. ಪುಲ್ ಎಂದರೆ ಮೊದಲು ಫೆಚ್, ಆಮೇಲೆ ತಂದದ್ದನ್ನು ನಿಮ್ಮ ಬ್ರಾಂಚಿಗೆ ಸೇರಿಸುವುದು. ಹೊಸಬರು ಪುಲ್‌ಗಿಂತ ಫೆಚ್ ಅನ್ನು ಹೆಚ್ಚು ಬಳಸಬೇಕು ಎನ್ನುತ್ತೇನೆ ನಾನು. ಬಂದದ್ದೇನು ಎಂದು ನೋಡಿಕೊಂಡು ಸೇರಿಸುವ ಅಭ್ಯಾಸ ಆಗುತ್ತದೆ.

ಇಂಟರ್ನೆಟ್ ಇಲ್ಲದೆಯೇ ಒಂದು ರಿಮೋಟ್

ರಿಮೋಟ್ ಎಂದರೆ ದೂರದ್ದು ಎಂಬ ಭಾವನೆ ಹೋಗಬೇಕಾದರೆ ಒಂದು ಪ್ರಯೋಗ ಮಾಡಿ ನೋಡಬೇಕು. ಇದಕ್ಕೆ ಯಾವ ಖಾತೆಯೂ ಬೇಡ, ನೆಟ್ ಕೂಡ ಬೇಡ. ಲ್ಯಾಪ್‌ಟಾಪಿನಲ್ಲಿ ಗಿಟ್ ಇದ್ದರೆ ಸಾಕು.

ಮೊದಲು ಒಂದು ಬಾರಿಯ ಸಿದ್ಧತೆ:

ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್ "ನಿಮ್ಮ ಹೆಸರು"
ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ಈಮೇಲ್ "ನಿಮ್ಮ ಇಮೇಲ್"
ಗಿಟ್ ಕಾನ್ಫಿಗ್ --ಗ್ಲೋಬಲ್ ಇನಿಟ್.ಡಿಫಾಲ್ಟ್‌ಬ್ರಾಂಚ್ ಮೇನ್
ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್

ಮೂರನೆಯ ಸಾಲು, ಹೊಸ ರೆಪೊದ ಮೊದಲ ಬ್ರಾಂಚಿನ ಹೆಸರು ಮೇನ್ ಇರಲಿ ಎನ್ನುತ್ತದೆ. ಗಿಟ್‌ನ ಹಳೆಯ ರೂಢಿ ಮಾಸ್ಟರ್. ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ರೆಪೊಗಳಿಗೆ ಮೇನ್ ಎಂದು ಹೆಸರಿಡುತ್ತಿದೆ. ಎರಡೂ ಕಡೆ ಬೇರೆ ಹೆಸರಿದ್ದರೆ ಮುಂದೆ ತಲೆನೋವು. ನಾಲ್ಕನೆಯದು ಕನ್ನಡಿಗರಿಗೆಂದೇ ಹೇಳುತ್ತಿರುವುದು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸ್ಟೇಟಸ್ ಅದನ್ನು ಬ್ಯಾಕ್‌ಸ್ಲ್ಯಾಶ್ ಮತ್ತು ಅಂಕಿಗಳ ಸಾಲಾಗಿ ತೋರಿಸುತ್ತದೆ, ಫೈಲೇ ಕೆಟ್ಟಿತೇನೋ ಅನ್ನಿಸುತ್ತದೆ. ಈ ಸಾಲು ಕೊಟ್ಟ ಮೇಲೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕಮಿಟ್ ಸಂದೇಶವನ್ನೂ ಕನ್ನಡದಲ್ಲಿ ಬರೆಯಬಹುದು, ಗಿಟ್‌ನ ಕಡೆಯಿಂದ ಯಾವ ಅಡ್ಡಿಯೂ ಇಲ್ಲ.

ಈಗ ಒಂದು ಖಾಲಿ ಫೋಲ್ಡರ್‌ಗೆ ಹೋಗಿ:

ಗಿಟ್ ಇನಿಟ್ ಪಾಠ
ಗಿಟ್ ಇನಿಟ್ --ಬೇರ್ ಕಣಜ.ಗಿಟ್

ಪಾಠ ಎಂಬುದು ನೀವು ಕೆಲಸ ಮಾಡುವ ರೆಪೊ. ಕಣಜ.ಗಿಟ್ ಎಂಬುದು ಬೇರ್ ರೆಪೊ. ಅಲ್ಲಿ ತಿದ್ದಲು ಫೈಲುಗಳಿರುವುದಿಲ್ಲ, ಚರಿತ್ರೆ ಮಾತ್ರ ಇರುತ್ತದೆ. ಗಿಟ್‌ಹಬ್, ಗಿಟ್‌ಲ್ಯಾಬ್‌ಗಳ ಸರ್ವರ್‌ನಲ್ಲಿ ಇರುವುದೂ ಈ ಬಗೆಯದೇ. ಯಾಕೆ ಬೇರ್ ಬೇಕು ಎಂದರೆ, ಒಬ್ಬರು ಫೈಲ್ ತೆರೆದು ಕೆಲಸ ಮಾಡುತ್ತಿರುವ ಬ್ರಾಂಚಿಗೆ ಇನ್ನೊಬ್ಬರು ಹೊರಗಿನಿಂದ ಪುಶ್ ಮಾಡಿದರೆ ಅವರ ಕೈಕೆಳಗಿನ ಫೈಲುಗಳಿಗೂ ಚರಿತ್ರೆಗೂ ತಾಳೆ ತಪ್ಪುತ್ತದೆ. ಹಾಗಾಗಿ ಗಿಟ್ ಅಂಥ ಪುಶ್ ಅನ್ನು ನಿರಾಕರಿಸುತ್ತದೆ.

ಪಾಠ ಫೋಲ್ಡರ್ ಒಳಗೆ ಹೋಗಿ ಒಂದು ಫೈಲ್ ಮಾಡಿ, ನಾಲ್ಕು ಸಾಲು ಬರೆದು, ಹೀಗೆ ಕೊಡಿ:

ಗಿಟ್ ಆ್ಯಡ್ .
ಗಿಟ್ ಕಮಿಟ್ -ಎಮ್ "ಮೊದಲ ಬರಹ"
ಗಿಟ್ ರಿಮೋಟ್ ಆ್ಯಡ್ ಒರಿಜಿನ್ ../ಕಣಜ.ಗಿಟ್
ಗಿಟ್ ರಿಮೋಟ್ -ವಿ
ಗಿಟ್ ಪುಶ್ -ಯು ಒರಿಜಿನ್ ಮೇನ್

ನಾಲ್ಕನೆಯ ಆಜ್ಞೆಗೆ ಎರಡು ಸಾಲಿನ ಉತ್ತರ ಬರುತ್ತದೆ: ಫೆಚ್‌ಗೆ ಒಂದು, ಪುಶ್‌ಗೆ ಒಂದು. ಎರಡರಲ್ಲೂ ಅದೇ ವಿಳಾಸ. ಐದನೆಯದರಲ್ಲಿನ 'ಯು', ಈ ಬ್ರಾಂಚ್ ಇನ್ನು ಮುಂದೆ ಒರಿಜಿನ್‌ನ ಮೇನ್ ಅನ್ನು ಹಿಂಬಾಲಿಸುತ್ತದೆ ಎಂದು ಕಾನ್ಫಿಗ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ಮುಂದಿನ ಸಲದಿಂದ ಬರೀ 'ಗಿಟ್ ಪುಶ್' ಎಂದರೆ ಸಾಕು.

ಹೊರಗೆ ಬಂದು ಅದೇ ಕಣಜವನ್ನು ಇನ್ನೊಂದು ಹೆಸರಿಗೆ ಕ್ಲೋನ್ ಮಾಡಿ: 'ಗಿಟ್ ಕ್ಲೋನ್ ಕಣಜ.ಗಿಟ್ ಗೆಳತಿ'. ಗೆಳತಿ ಎಂಬ ಫೋಲ್ಡರಿನಲ್ಲಿ ಹೊಸದೊಂದು ಫೈಲ್ ಸೇರಿಸಿ, ಕಮಿಟ್ ಮಾಡಿ, ಪುಶ್ ಮಾಡಿ. ಮತ್ತೆ ಪಾಠಕ್ಕೆ ಬಂದು, ಫೆಚ್ ಮಾಡದೆಯೇ, ಇನ್ನೊಂದು ಕಮಿಟ್ ಮಾಡಿ ಪುಶ್ ಒತ್ತಿ. ರಿಜೆಕ್ಟೆಡ್ ಎಂದು ಬರುತ್ತದೆ, ಪಕ್ಕದಲ್ಲೇ ಫೆಚ್ ಫಸ್ಟ್ ಎಂಬ ಸೂಚನೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಎದೆ ಝಲ್ಲೆನಿಸುವ ಸಂದೇಶ ಇದೇ. ಆದರೆ ಇಲ್ಲಿ ನಡೆದದ್ದು ನಿಮ್ಮ ಕಣ್ಣೆದುರೇ ಇದೆ. ಕಣಜದಲ್ಲಿ ಗೆಳತಿಯ ಕಮಿಟ್ ಇದೆ, ಪಾಠದ ಚರಿತ್ರೆಯಲ್ಲಿ ಅದಿಲ್ಲ. ನಿಮ್ಮದನ್ನು ಹಾಗೆಯೇ ಒಪ್ಪಿಕೊಂಡರೆ ಗೆಳತಿಯ ಕಮಿಟ್ ಬ್ರಾಂಚಿನಿಂದ ಕಾಣೆಯಾಗುತ್ತದೆ. ಅವಳ ಕೆಲಸ ಉಳಿಸಲೆಂದೇ ಗಿಟ್ ನಿಮ್ಮನ್ನು ತಡೆಯಿತು. 'ಗಿಟ್ ಫೆಚ್' ಕೊಟ್ಟು, 'ಗಿಟ್ ಲಾಗ್ ಒರಿಜಿನ್/ಮೇನ್' ಎಂದು ಅವಳು ಮಾಡಿದ್ದನ್ನು ನೋಡಿ. ಆಮೇಲೆ 'ಗಿಟ್ ಪುಲ್ --ರಿಬೇಸ್' ಕೊಟ್ಟರೆ ಅವಳ ಕಮಿಟ್‌ನ ಮೇಲೆ ನಿಮ್ಮದು ಕೂರುತ್ತದೆ. ಬರೀ 'ಗಿಟ್ ಪುಲ್' ಎಂದರೆ ಈಚಿನ ಗಿಟ್ ಆವೃತ್ತಿಗಳು ಕವಲೊಡೆದ ಚರಿತ್ರೆಯನ್ನು ಹೇಗೆ ಕೂಡಿಸಬೇಕೆಂದು ನೀವೇ ಹೇಳಿ ಎಂದು ನಿಲ್ಲುತ್ತವೆ. ರಿಬೇಸೋ ಮರ್ಜೋ ಎಂಬುದು ಟೀಮಿನ ರೂಢಿ, ಕೇಳಿ ತಿಳಿದುಕೊಳ್ಳಿ. ಈಗ ಪುಶ್ ಮಾಡಿ, ಹೋಗುತ್ತದೆ.

ಕಣಜ.ಗಿಟ್ ಪೆನ್‌ಡ್ರೈವಿನಲ್ಲಿದ್ದರೂ ಇದೆಲ್ಲ ಹೀಗೇ ನಡೆಯುತ್ತದೆ. ಒಂದೇ ರೂಮಿನ ಇಬ್ಬರು ಪ್ರಾಜೆಕ್ಟ್ ಹಂಚಿಕೊಳ್ಳಲು ಇಷ್ಟು ಸಾಕು.

ಬಾಗಿಲ ಕೀಲಿ

ಗಿಟ್‌ಹಬ್‌ನಂಥ ಹೊರಗಿನ ಸರ್ವರ್‌ಗೆ ಹೋದಾಗ ಸೇರಿಕೊಳ್ಳುವ ಹೊಸ ಸಂಗತಿ ಒಂದೇ: ನೀವು ಯಾರು ಎಂದು ಅದು ಕೇಳುತ್ತದೆ. ಗಿಟ್‌ಹಬ್ ಶುರುವಾದದ್ದು 2008ರಲ್ಲಿ. 2018ರಿಂದ ಅದು ಮೈಕ್ರೋಸಾಫ್ಟಿನದು. ಕೆಲವು ಕಂಪನಿಗಳು ಬಿಟ್‌ಬಕೆಟ್ ಬಳಸುತ್ತವೆ, ಕೆಲವು ಅಝೂರ್ ರೆಪೋಸ್, ಇನ್ನು ಕೆಲವು ಗಿಟ್‌ಲ್ಯಾಬನ್ನು ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡಿರುತ್ತವೆ. ಹೈದರಾಬಾದಿನಲ್ಲಿ ಮುಕ್ತ ತಂತ್ರಾಂಶಕ್ಕಾಗಿ 2005ರಿಂದ ಕೆಲಸ ಮಾಡುತ್ತಿರುವ ಸ್ವೇಚ್ಛಾ ಸಂಘಟನೆ ಕೂಡ ತನ್ನದೇ ಗಿಟ್‌ಲ್ಯಾಬ್ ನಡೆಸುತ್ತದೆ. ವಿಳಾಸ ಬದಲಾಗುತ್ತದೆಯೇ ಹೊರತು ರಿಮೋಟ್‌ನ ಲೆಕ್ಕ ಬದಲಾಗುವುದಿಲ್ಲ.

ವಿಳಾಸ ಎರಡು ರೂಪದಲ್ಲಿ ಸಿಗುತ್ತದೆ. ಎಚ್‌ಟಿಟಿಪಿಎಸ್‌ನಿಂದ ಶುರುವಾಗುವುದು ಒಂದು, 'ಗಿಟ್@' ಎಂದು ಶುರುವಾಗುವ ಎಸ್‌ಎಸ್‌ಎಚ್ ರೂಪ ಇನ್ನೊಂದು. ಹಳೆಯ ನೋಟ್ಸುಗಳಲ್ಲಿ ಎಚ್‌ಟಿಟಿಪಿಎಸ್‌ಗೆ ಖಾತೆಯ ಪಾಸ್‌ವರ್ಡ್ ಕೊಡಿ ಎಂದಿರುತ್ತದೆ. ಗಿಟ್‌ಹಬ್‌ನಲ್ಲಿ ಅದು 2021ರ ಆಗಸ್ಟ್ 13ಕ್ಕೇ ನಿಂತುಹೋಗಿದೆ. ಪಾಸ್‌ವರ್ಡ್ ಸರಿಯಾಗಿದ್ದರೂ ಒಪ್ಪುವುದಿಲ್ಲ. ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಪರ್ಸನಲ್ ಆ್ಯಕ್ಸೆಸ್ ಟೋಕನ್ ಕೊಡಬೇಕು. ವಿಂಡೋಸ್‌ನ ಗಿಟ್ ಜೊತೆಗೇ ಬರುವ ಕ್ರೆಡೆನ್ಶಿಯಲ್ ಮ್ಯಾನೇಜರ್ ಬ್ರೌಸರ್ ತೆರೆದು ಲಾಗಿನ್ ಮಾಡಿಸಿ, ಟೋಕನ್ ಉಸಾಬರಿಯನ್ನು ತಾನೇ ನೋಡಿಕೊಳ್ಳುತ್ತದೆ. ಅವಸರಕ್ಕೆ ಇದು ಸಾಕು. ದಿನವೂ ಕೆಲಸ ಮಾಡುವವರಿಗೆ ಎಸ್‌ಎಸ್‌ಎಚ್ ವಾಸಿ.

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಸಿ "ನಿಮ್ಮ ಇಮೇಲ್"

ಇಲ್ಲಿ 'ಟಿ' ಚಿಕ್ಕಕ್ಷರ, 'ಸಿ' ದೊಡ್ಡಕ್ಷರ. ಈ ಆಜ್ಞೆ ನಿಮ್ಮ ಹೋಮ್ ಫೋಲ್ಡರಿನ .ಎಸ್‌ಎಸ್‌ಎಚ್ ಒಳಗೆ ಎರಡು ಫೈಲ್ ಮಾಡುತ್ತದೆ. ಒಂದರ ಹೆಸರಿನ ಕೊನೆಗೆ .ಪಬ್ ಇರುತ್ತದೆ. ಅದು ಸಾರ್ವಜನಿಕ ಕೀಲಿ, ಅದನ್ನು ತೆರೆದು ಒಳಗಿನ ಒಂದೇ ಸಾಲನ್ನು ನಕಲಿಸಿ ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಸ್‌ಎಚ್ ಕೀಸ್ ಎಂಬಲ್ಲಿ ಹಾಕಬೇಕು. .ಪಬ್ ಇಲ್ಲದ್ದು ಖಾಸಗಿ ಕೀಲಿ. ಅದು ಆ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗಬಾರದು: ವಾಟ್ಸ್ಆ್ಯಪ್‌ನಲ್ಲಿ ಗೆಳೆಯನಿಗೆ ಕಳಿಸಬಾರದು, ಡ್ರೈವ್‌ನಲ್ಲಿ ಇಡಬಾರದು. ಹೊಸ ಲ್ಯಾಪ್‌ಟಾಪ್ ಬಂದರೆ ಹೊಸ ಕೀಲಿ ಮಾಡಿಕೊಳ್ಳಿ.

ಕೆಲಸ ಮಾಡಿತೇ ಎಂದು ನೋಡಲು 'ಎಸ್‌ಎಸ್‌ಎಚ್ -ಟಿ ಗಿಟ್@ಗಿಟ್‌ಹಬ್.ಕಾಮ್' ಎಂದು ಕೊಡಿ. ಇಲ್ಲಿ 'ಟಿ' ದೊಡ್ಡಕ್ಷರ. ಮೊದಲ ಸಲ, ಈ ಸರ್ವರ್‌ನ ಗುರುತು ನನಗೆ ಗೊತ್ತಿಲ್ಲ, ಮುಂದುವರಿಯಲೇ ಎಂದು ಕೇಳುತ್ತದೆ, ಜೊತೆಗೆ ಒಂದು ಫಿಂಗರ್‌ಪ್ರಿಂಟ್ ತೋರಿಸುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಯೆಸ್ ಒತ್ತುವ ಜಾಗ ಇದು. ಗಿಟ್‌ಹಬ್ ತನ್ನ ಫಿಂಗರ್‌ಪ್ರಿಂಟುಗಳನ್ನು ಪ್ರಕಟಿಸಿದೆ, ತಾಳೆ ನೋಡಲು ಒಂದು ನಿಮಿಷ ಸಾಕು. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ ಆರ್‌ಎಸ್‌ಎ ಖಾಸಗಿ ಕೀಲಿಯೇ ಸ್ವಲ್ಪ ಹೊತ್ತು ಸಾರ್ವಜನಿಕ ರೆಪೊವೊಂದರಲ್ಲಿ ಬಯಲಾಗಿ, ಕಂಪನಿ ಅದನ್ನು ಬದಲಿಸಬೇಕಾಯಿತು. ಆ ದಿನ ಜಗತ್ತಿನಾದ್ಯಂತ ಡೆವಲಪರ್‌ಗಳ ಟರ್ಮಿನಲ್‌ನಲ್ಲಿ ಎಚ್ಚರಿಕೆ ಸಂದೇಶ ಬಂದಿತ್ತು. ಅಷ್ಟು ದೊಡ್ಡ ಸಂಸ್ಥೆಯಲ್ಲೂ ಆಗುವಂಥದ್ದು ನಮ್ಮಲ್ಲಿ ಆಗದೆಂದು ಭಾವಿಸಬೇಕಿಲ್ಲ. ಎಲ್ಲ ಸರಿಯಿದ್ದರೆ ನಿಮ್ಮ ಖಾತೆಯ ಹೆಸರು ಹಿಡಿದು ಹಾಯ್ ಎನ್ನುತ್ತದೆ, ಶೆಲ್ ಪ್ರವೇಶ ಕೊಡುವುದಿಲ್ಲ ಎಂದೂ ಹೇಳುತ್ತದೆ. ಆ ಎರಡನೆಯ ಮಾತು ತಪ್ಪಲ್ಲ, ಅದು ಹಾಗೇ ಬರಬೇಕು.

ಏನೂ ಬರದೆ ಕಾದು ಕಾದು ಟೈಮ್ಔಟ್ ಆದರೆ ಕೀಲಿಯ ಮೇಲೆ ಅನುಮಾನ ಬೇಡ. ಹಾಸ್ಟೆಲ್ ಅಥವಾ ಕಚೇರಿಯ ನೆಟ್‌ವರ್ಕ್ 22ನೇ ಪೋರ್ಟ್ ಮುಚ್ಚಿರಬಹುದು. ಗಿಟ್‌ಹಬ್ ಎಸ್‌ಎಸ್‌ಎಚ್ ಅನ್ನು 443ನೇ ಪೋರ್ಟಿನಲ್ಲೂ ಕೊಡುತ್ತದೆ. ಅದರ ಹೋಸ್ಟ್ ಹೆಸರು ಎಸ್‌ಎಸ್‌ಎಚ್.ಗಿಟ್‌ಹಬ್.ಕಾಮ್. ಕಚೇರಿಯ ನೆಟ್‌ವರ್ಕ್ ಆದರೆ ಮೊದಲು ಐಟಿಯವರನ್ನು ಕೇಳಿ. ವಿಂಡೋಸ್ ಒಳಗೆ ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಲಿನಕ್ಸ್ ಬಳಸುವವರು ಇನ್ನೊಂದು ನೆನಪಿಡಬೇಕು: ವಿಂಡೋಸ್‌ನ .ಎಸ್‌ಎಸ್‌ಎಚ್ ಫೋಲ್ಡರೇ ಬೇರೆ, ಡಬ್ಲ್ಯುಎಸ್‌ಎಲ್‌ನದೇ ಬೇರೆ. ಒಂದರಲ್ಲಿ ಕೀಲಿ ಮಾಡಿ ಇನ್ನೊಂದರಲ್ಲಿ ಪುಶ್ ಮಾಡಿದರೆ 'ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ' ಎಂದೇ ಬರುತ್ತದೆ.

ಹೆಸರು ಯಾರದು

ಕಮಿಟ್ ಮೇಲೆ ಬೀಳುವ ಹೆಸರು, ಇಮೇಲ್ ಎರಡೂ ಬರೀ ಬರಹ. ಕಾನ್ಫಿಗ್‌ನಲ್ಲಿ ಏನು ಕೊಟ್ಟಿದ್ದೀರೋ ಅದು ಬೀಳುತ್ತದೆ, ಗಿಟ್ ಪರೀಕ್ಷಿಸುವುದಿಲ್ಲ. ಕೀಲಿ ಒಬ್ಬರದು, ಕಮಿಟ್ ಮೇಲಿನ ಹೆಸರು ಇನ್ನೊಬ್ಬರದು ಆಗಿರುವುದು ಸಾಧ್ಯ. ಹಂಚಿಕೊಂಡ ಲ್ಯಾಬ್ ಕಂಪ್ಯೂಟರ್‌ನಲ್ಲಿ ಕಲಿತವರ ಪ್ರಾಜೆಕ್ಟುಗಳು ಯಾರದೋ ಹೆಸರಿನಲ್ಲಿ ದಾಖಲಾಗಿ, ಇಂಟರ್ವ್ಯೂನಲ್ಲಿ ತೋರಿಸುವಾಗ ಪೇಚಿಗೆ ಸಿಗುವುದು ಹೀಗೇ. ಖಾತೆಗೆ ಸೇರಿಸಿದ ಇಮೇಲ್ ಮತ್ತು ಕಾನ್ಫಿಗ್‌ನ ಇಮೇಲ್ ಒಂದೇ ಇದ್ದರೆ ಮಾತ್ರ ಗಿಟ್‌ಹಬ್ ಆ ಕಮಿಟ್ಟನ್ನು ನಿಮ್ಮ ಪ್ರೊಫೈಲಿಗೆ ಜೋಡಿಸುತ್ತದೆ. ಇಮೇಲ್ ಬಯಲಾಗುವುದು ಬೇಡವೆಂದರೆ ಗಿಟ್‌ಹಬ್ ಕೊಡುವ ನೋರಿಪ್ಲೈ ವಿಳಾಸವನ್ನು ಬಳಸಬಹುದು.

ಕೆಲಸಕ್ಕೆ ಸೇರಿದ ಮೇಲೆ ಕಚೇರಿಯ ಖಾತೆ ಒಂದು, ಸ್ವಂತದ್ದು ಒಂದು ಆಗುತ್ತದೆ. ಒಂದೇ ಸಾರ್ವಜನಿಕ ಕೀಲಿಯನ್ನು ಎರಡು ಗಿಟ್‌ಹಬ್ ಖಾತೆಗೆ ಹಾಕಲು ಬರುವುದಿಲ್ಲ, ಹಾಗಾಗಿ ಎರಡು ಕೀಲಿ ಬೇಕು. .ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ಕಾನ್ಫಿಗ್ ಎಂಬ ಫೈಲ್ ಮಾಡಿ ಹೀಗೆ ಬರೆದುಕೊಳ್ಳಬಹುದು:

ಹೋಸ್ಟ್ ಗಿಟ್‌ಹಬ್-ಸ್ವಂತ
  ಹೋಸ್ಟ್‌ನೇಮ್ ಗಿಟ್‌ಹಬ್.ಕಾಮ್
  ಯೂಸರ್ ಗಿಟ್
  ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ಐಡಿ_ಸ್ವಂತ
  ಐಡೆಂಟಿಟೀಸ್‌ಓನ್ಲಿ ಯೆಸ್

ಆಮೇಲೆ ಸ್ವಂತ ರೆಪೊದ ರಿಮೋಟ್ ವಿಳಾಸದಲ್ಲಿ ಗಿಟ್‌ಹಬ್.ಕಾಮ್ ಇದ್ದಲ್ಲಿ ಗಿಟ್‌ಹಬ್-ಸ್ವಂತ ಎಂದು ಹಾಕಿದರೆ ಆ ರೆಪೊ ಯಾವಾಗಲೂ ಸ್ವಂತ ಕೀಲಿಯನ್ನೇ ಬಳಸುತ್ತದೆ. ಹೆಸರು, ಇಮೇಲ್ ಬದಲಿಸಲು ಆ ರೆಪೊ ಒಳಗೆ ನಿಂತು --ಗ್ಲೋಬಲ್ ಇಲ್ಲದೆ ಕಾನ್ಫಿಗ್ ಕೊಡಿ; ಅದು ಆ ಒಂದು ರೆಪೊಗೆ ಮಾತ್ರ ಅನ್ವಯಿಸುತ್ತದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಸ್ವಂತ ಖಾತೆ ಇಡಲು ಕಂಪನಿ ಒಪ್ಪುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಕಚೇರಿಯ ಕೋಡ್ ಸ್ವಂತ ರಿಮೋಟ್‌ಗೆ ಹೋಯಿತೆಂದರೆ ಅದು ತಾಂತ್ರಿಕ ತಪ್ಪಾಗಿ ಉಳಿಯುವುದಿಲ್ಲ, ಕೆಲಸಕ್ಕೇ ಕುತ್ತು ಬರಬಹುದು.

ಎರಡು ರಿಮೋಟ್: ಅಲರ್ ನಿಘಂಟಿನ ಉದಾಹರಣೆ

ಮುಕ್ತ ಯೋಜನೆಗಳಲ್ಲಿ ಕೆಲಸ ಮಾಡುವಾಗ ಒಂದು ರೆಪೊಗೆ ಎರಡು ರಿಮೋಟ್ ಇಟ್ಟುಕೊಳ್ಳುವುದು ವಾಡಿಕೆ. ಇದಕ್ಕೆ ಕನ್ನಡದ್ದೇ ಒಳ್ಳೆಯ ಉದಾಹರಣೆ ಇದೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅಲರ್. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಕೈಲಾಶ್ ನಾಧ್ 2019ರಲ್ಲಿ ಅದನ್ನು ಜಾಲಕ್ಕೆ ತಂದರು. ಮುಕ್ತ ಪರವಾನಗಿಯಡಿ ಪೂರ್ತಿ ದತ್ತಾಂಶ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ಕ್ಲೋನ್ ಮಾಡಿಕೊಳ್ಳಬಹುದು.

ಆ ರೆಪೊಗೆ ನೇರ ಪುಶ್ ಮಾಡುವ ಅಧಿಕಾರ ನಿಮಗಿಲ್ಲ, ಇರಬೇಕಾಗಿಯೂ ಇಲ್ಲ. ಗಿಟ್‌ಹಬ್ ಪುಟದಲ್ಲಿ ಫೋರ್ಕ್ ಒತ್ತಿದರೆ ನಿಮ್ಮ ಖಾತೆಯಡಿ ಒಂದು ಪ್ರತಿ ಆಗುತ್ತದೆ. ಅದನ್ನು ಕ್ಲೋನ್ ಮಾಡಿ. ಒರಿಜಿನ್ ಎಂದರೆ ಈಗ ನಿಮ್ಮ ಫೋರ್ಕ್. ಮೂಲವನ್ನು ಅಪ್‌ಸ್ಟ್ರೀಮ್ ಎಂಬ ಹೆಸರಿನಲ್ಲಿ ಸೇರಿಸಿ:

ಗಿಟ್ ರಿಮೋಟ್ ಆ್ಯಡ್ ಅಪ್‌ಸ್ಟ್ರೀಮ್ (ಮೂಲ ರೆಪೊದ ವಿಳಾಸ)
ಗಿಟ್ ಫೆಚ್ ಅಪ್‌ಸ್ಟ್ರೀಮ್

ಈಗ 'ಗಿಟ್ ರಿಮೋಟ್ -ವಿ' ನಾಲ್ಕು ಸಾಲು ತೋರಿಸುತ್ತದೆ. ಹೊಸದನ್ನು ತರುವುದು ಅಪ್‌ಸ್ಟ್ರೀಮ್‌ನಿಂದ, ಕಳಿಸುವುದು ಒರಿಜಿನ್‌ಗೆ, ಅಲ್ಲಿಂದ ಮೂಲದವರಿಗೆ ಪುಲ್ ರಿಕ್ವೆಸ್ಟ್. ಮೂಲದ ಬ್ರಾಂಚಿನ ಹೆಸರು ಮೇನೋ ಮಾಸ್ಟರೋ ಎಂದು 'ಗಿಟ್ ಬ್ರಾಂಚ್ -ಆರ್' ಕೊಟ್ಟು ನೋಡಿಕೊಂಡು ಮರ್ಜ್ ಮಾಡಿ. ದೊಡ್ಡ ರೆಪೊಗಳನ್ನು ಮೊಬೈಲ್ ಡೇಟಾದಲ್ಲಿ ಕ್ಲೋನ್ ಮಾಡುವವರು '--ಡೆಪ್ತ್ 1' ಸೇರಿಸಿದರೆ ಕೊನೆಯ ಕಮಿಟ್ ಮಾತ್ರ ಬರುತ್ತದೆ. ಓದಿ ನೋಡಲು ಅಷ್ಟು ಸಾಕು.

ಎರರ್ ಬಂದಾಗ

ಸಂದೇಶವನ್ನು ಪೂರ್ತಿ ಓದಿ. ಗಿಟ್‌ನ ಸಂದೇಶಗಳು ಒರಟಾಗಿ ಕಂಡರೂ ಅವುಗಳಲ್ಲೇ ಕಾರಣ ಇರುತ್ತದೆ.

'ರಿಮೋಟ್ ಒರಿಜಿನ್ ಆಲ್‌ರೆಡಿ ಎಕ್ಸಿಸ್ಟ್ಸ್' ಎಂದರೆ ಆ ಹೆಸರಿನಲ್ಲಿ ಆಗಲೇ ಒಂದು ವಿಳಾಸವಿದೆ. 'ಗಿಟ್ ರಿಮೋಟ್ -ವಿ' ನೋಡಿ, ವಿಳಾಸ ತಪ್ಪಿದ್ದರೆ 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್' ಎಂದು ಹೊಸದನ್ನು ಕೊಡಿ. 'ಎಸ್‌ಆರ್‌ಸಿ ರೆಫ್‌ಸ್ಪೆಕ್ ಮೇನ್ ಡಸ್ ನಾಟ್ ಮ್ಯಾಚ್ ಎನಿ' ಎಂದರೆ ಮೇನ್ ಎಂಬ ಬ್ರಾಂಚ್ ನಿಮ್ಮಲ್ಲಿಲ್ಲ: ಒಂದೂ ಕಮಿಟ್ ಆಗಿಲ್ಲ, ಇಲ್ಲವೇ ನಿಮ್ಮ ಬ್ರಾಂಚಿನ ಹೆಸರು ಮಾಸ್ಟರ್. 'ರೆಪಾಸಿಟರಿ ನಾಟ್ ಫೌಂಡ್' ಬಂದಾಗ ವಿಳಾಸ ಸರಿಯಿದ್ದರೆ ಅಧಿಕಾರದ ಪ್ರಶ್ನೆ ಎಂದು ತಿಳಿಯಿರಿ. ಪ್ರೈವೇಟ್ ರೆಪೊ ಇದೆ ಎಂಬುದನ್ನೇ ಗಿಟ್‌ಹಬ್ ಹೊರಗಿನವರಿಗೆ ಹೇಳುವುದಿಲ್ಲ. ಟೀಮ್ ಲೀಡ್ ನಿಮ್ಮ ಖಾತೆಯನ್ನು ಸೇರಿಸಿದ್ದಾರೆಯೇ, ಬಂದ ಆಹ್ವಾನವನ್ನು ನೀವು ಒಪ್ಪಿಕೊಂಡಿದ್ದೀರಾ ಎಂದು ನೋಡಿ. ಗಿಟ್‌ಹಬ್‌ನಲ್ಲಿ ರೀಡ್‌ಮಿ ಸಮೇತ ರೆಪೊ ಮಾಡಿ, ಇಲ್ಲಿಯೂ ಬೇರೆ ಇನಿಟ್ ಮಾಡಿದ್ದರೆ 'ಅನ್‌ರಿಲೇಟೆಡ್ ಹಿಸ್ಟರೀಸ್' ಎನ್ನುತ್ತದೆ. ಹೊಸಬರು ಅಲ್ಲಿ ಖಾಲಿ ರೆಪೊ ಮಾಡುವುದೇ ಒಳ್ಳೆಯದು. 100 ಎಂಬಿ ದಾಟಿದ ಫೈಲನ್ನು ಗಿಟ್‌ಹಬ್ ತೆಗೆದುಕೊಳ್ಳುವುದಿಲ್ಲ.

ಪುಶ್ ನಿರಾಕರಿಸಿದಾಗ '--ಫೋರ್ಸ್' ಹಾಕು ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಹಂಚಿಕೊಂಡ ಬ್ರಾಂಚಿನಲ್ಲಿ ಅದು ಗೆಳತಿಯ ಕಮಿಟ್ಟನ್ನು ಅಳಿಸುವ ಆಜ್ಞೆ. ನಿಮ್ಮದೊಬ್ಬರದೇ ಬ್ರಾಂಚಿನಲ್ಲಿ ರಿಬೇಸ್ ಆದ ಮೇಲೆ ಬೇಕೇ ಬೇಕಾದರೆ '--ಫೋರ್ಸ್-ವಿತ್-ಲೀಸ್' ಬಳಸಿ. ನೀವು ಕೊನೆಯ ಸಲ ನೋಡಿದ ಮೇಲೆ ಅಲ್ಲಿ ಬೇರೆಯವರ ಕಮಿಟ್ ಬಂದಿದ್ದರೆ ಅದು ನಿಲ್ಲುತ್ತದೆ.

ಪಾಸ್‌ವರ್ಡ್, ಎಪಿಐ ಕೀ, ಡೇಟಾಬೇಸ್ ವಿವರ ಇರುವ .ಎನ್ವ್ ಫೈಲಿನ ಹೆಸರನ್ನು ಮೊದಲ ಕಮಿಟ್‌ಗೂ ಮುಂಚೆಯೇ .ಗಿಟ್ಇಗ್ನೋರ್‌ನಲ್ಲಿ ಬರೆದಿಡಿ. ಒಮ್ಮೆ ಪುಶ್ ಆದ ಮೇಲೆ ಫೈಲ್ ಅಳಿಸಿ ಮತ್ತೊಂದು ಕಮಿಟ್ ಮಾಡಿದರೆ ಅದು ಹೋಗುವುದಿಲ್ಲ, ಚರಿತ್ರೆಯಲ್ಲಿ ಉಳಿದಿರುತ್ತದೆ, ಕ್ಲೋನ್ ಮಾಡಿದವರೆಲ್ಲರ ಬಳಿಯೂ ಇರುತ್ತದೆ. ಹಾಗಾದರೆ ಮೊದಲು ಆ ಕೀಯನ್ನೇ ರದ್ದು ಮಾಡಿಸಿ, ಟೀಮಿಗೆ ತಿಳಿಸಿ, ಚರಿತ್ರೆ ಶುಚಿ ಮಾಡುವ ಕೆಲಸ ಆಮೇಲೆ. ತಿಳಿಸುವುದಕ್ಕೆ ಸಂಕೋಚಪಟ್ಟು ಒಂದು ರಾತ್ರಿ ಸುಮ್ಮನಿದ್ದರೆ, ಹಾನಿ ಆಗುವುದು ಆ ರಾತ್ರಿಯಲ್ಲೇ.

ಇಷ್ಟು ಓದಿದವರು ಪಾಠ–ಕಣಜದ ಪ್ರಯೋಗವನ್ನು ಈ ವಾರವೇ ಮಾಡಿ ನೋಡಿ. ಪುಶ್ ನಿರಾಕರಣೆ ಬರುವವರೆಗೆ ಮಾಡಿ, ಬಂದ ಮೇಲೆ ಬಿಡಿಸಿ. ಕೈ ಕುದುರಿದ ಮೇಲೆ ಅಲರ್‌ನಂಥ ಕನ್ನಡದ ರೆಪೊವೊಂದನ್ನು ಫೋರ್ಕ್ ಮಾಡಿಕೊಳ್ಳಿ, ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಫಾಂಟುಗಳೂ ಗಿಟ್‌ಹಬ್‌ನಲ್ಲೇ ಇವೆ. ಇಂಥ ಕೆಲಸಗಳಿಗೆ ಗಿಟ್ ಬಲ್ಲ ಕನ್ನಡಿಗರು ಇನ್ನೂ ಎಷ್ಟು ಜನ ಬಂದರೂ ಬೇಕು.